ಮಗುಚಿ ಇಟ್ಟ ಅಲೆಕಲ್ಲು

ಕಾಕತಿಯ ಭರಮಣ್ಣ ಬಾವಿ ತೋಡುವವನು. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು ಬಾವಿಗೆ ಯಾಕೆ ಇಳಿದೆ ಎಂದು ಯಾರಾದರೂ ಕೇಳಿದರೆ, "ಕುರಿ ಹೇಳಿದ್ದ ಕೇಳೂದಿಲ್ಲರೀ, ಕಲ್ಲ ಕೇಳತೈತಿ" ಎನ್ನುತ್ತಿದ್ದ. ಇದು ಅವನ ಅಪ್ಪ ಬೀರಣ್ಣನ ಮಾತು. ಅಪ್ಪನಿಂದ ಈ ಮಾತಿನ ಜೊತೆಗೆ ಒಂದು ಹಾರೆಯೂ ಅವನಿಗೆ ಬಂದಿತ್ತು. ಒಂದು ಹೆದರಿಕೆಯೂ ಬಂದಿತ್ತು, ಅದನ್ನು ಮಾತ್ರ ಅವನು ಯಾರ ಮುಂದೆಯೂ ಬಾಯಿಬಿಡುತ್ತಿರಲಿಲ್ಲ.

ಓದು ಬರಹ ಅವನಿಗೆ ಬರದು. ಆದರೆ ಬಾವಿಯ ಕೆಲಸದಲ್ಲಿ ಅವರ ಮನೆತನಕ್ಕೆ ತನ್ನದೇ ಒಂದು ಬರಹವಿತ್ತು. ತೋಡುತ್ತ ಹೋದಂತೆ ನೆಲದೊಳಗೆ ಕಲ್ಲಿನ ಜಾತಿ ಬದಲಾದರೆ, ಆ ಹೊಸ ಪದರಿನಿಂದ ತೆಂಗಿನಕಾಯಿ ಗಾತ್ರದ ಒಂದು ಕಲ್ಲನ್ನು ಬಿಡಿಸಿ ಮೇಲೆ ತರಬೇಕು. ನೆಲದೊಳಗಿದ್ದಾಗ ಅದರ ಯಾವ ಮೈ ಆಕಾಶದ ಕಡೆಗಿತ್ತೋ ಆ ಮೈಗೆ ಬೀರದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಒಂದು ಚಿಟಿಕೆ ಹಚ್ಚಬೇಕು. ಬಾವಿಯ ದಂಡೆಯ ಮೇಲೆ, ಮೊದಲು ಸಿಕ್ಕದ್ದು ಮೊದಲು, ಆಮೇಲೆ ಸಿಕ್ಕದ್ದು ಆಮೇಲೆ, ಭಂಡಾರದ ಮೈ ಮೇಲಾಗುವಂತೆ ಸಾಲಾಗಿ ಇಡುತ್ತ ಹೋಗಬೇಕು. ನೀರು ಬಿದ್ದ ದಿನ ಆ ಸಾಲಿಗೆ ಕಾಯಿ ಒಡೆಯುವುದು. ಸಾಲು ತಪ್ಪಿ ಇಟ್ಟವನ ಕೈಗೆ ಮತ್ತೆ ಹಾರೆ ಕೊಡಬಾರದು ಎಂಬುದು ಹಿರಿಯರಿಂದ ಬಂದ ಕಟ್ಟಳೆ.

ಕಾಕತಿಯ ಸುತ್ತಮುತ್ತ ಈ ಸಾಲು ಎಂದೂ ತಂಟೆ ಮಾಡಿದ್ದಿಲ್ಲ. ಎರೆಮಣ್ಣು, ಗರಸು, ಕರಿಕಲ್ಲು, ನಡುವೆ ಗೇಣುದ್ದದ ಕೆಂಪು ಮೆದು ಪದರು, ಅದರ ಕೆಳಗೆ ಇನ್ನೊಂದು ಜಾತಿಯ ಕರಿಕಲ್ಲು. ಒಬ್ಬರ ಹೊಲದಲ್ಲಿ ಹೇಗೋ ಬಾಜೂ ಹೊಲದಲ್ಲಿಯೂ ಹಾಗೆಯೇ, ಎಲ್ಲವೂ ಹಾಸಿಗೆ ಹಾಸಿದಂತೆ ಚಪ್ಪಟೆ. ಹತ್ತು ಅಡಿ ತೋಡಿದರೆ ಮುಂದಿನ ಮೂವತ್ತು ಅಡಿಯನ್ನು ಭರಮಣ್ಣ ಕಣ್ಣು ಮುಚ್ಚಿ ಹೇಳುತ್ತಿದ್ದ. ಬೆಳಗಾವಿಯ ಶಿವಬಸವ ನಗರದಲ್ಲಿ ಕಾಲೇಜಿನ ಮಾಸ್ತರ ಬಸಯ್ಯನವರ ಹಿತ್ತಿಲ ಬಾವಿಯನ್ನು ಎಪ್ಪತ್ತೊಂದನೇ ಇಸವಿಯಲ್ಲಿ ತೋಡಿದಾಗ, "ನಾಳೆ ಮಧ್ಯಾಹ್ನದೊಳಗ ನೀರ್ರಿ" ಎಂದು ಹಿಂದಿನ ದಿನವೇ ಹೇಳಿದ್ದ. ಮಾಸ್ತರರು ನಕ್ಕಿದ್ದರು. ಮರುದಿನ ಊಟಕ್ಕೆ ಕೂತಾಗ ಹಿತ್ತಿಲಿನಿಂದ ಕೂಗು ಕೇಳಿಸಿ, ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಓಡಿದ್ದರು.

ಇನ್ನು ಆ ಹೆದರಿಕೆಯ ವಿಷಯ. ಬೀರಣ್ಣನಿಗೆ ಐವತ್ತರ ಹತ್ತಿರ ವಯಸ್ಸಾಗಿದ್ದಾಗ ಖಾನಾಪುರದ ಕಡೆ ಒಂದು ಬಾವಿಯ ಕೆಲಸ ಸಿಕ್ಕಿತ್ತು. ಭರಮಣ್ಣನಿಗೆ ಆಗ ಇಪ್ಪತ್ತು ತುಂಬಿ ಮೀಸೆ ದಟ್ಟವಾಗಿತ್ತು, ಮೀಸೆಯಷ್ಟೇ ಗರ್ವವೂ. ಅಲ್ಲಿ ಅಪ್ಪ ದಂಡೆಯ ಮೇಲೆ ನಾಲ್ಕು ಕಲ್ಲು ಇಟ್ಟ. ಮೊದಲನೆಯದು ಕೆಂಪು ಗೆರೆಗಳದು. ಎರಡನೆಯದರ ಒಂದು ಮೈ ಮೇಲೆ ಹೊಳೆಯ ಉಸುಕಿನ ಮೇಲೆ ನೀರು ಬರೆದಂತೆ ಅಲೆಅಲೆ. ಮೂರನೆಯದು ಬಿಳಿ ಬೆಣಚು, ನಾಲ್ಕನೆಯದು ನೀಲಿ. ಅಲ್ಲಿಯವರೆಗೆ ಸರಿ. ಆಮೇಲೆ ಮುದುಕ ಮತ್ತೊಂದು ಬಿಳಿ ಬೆಣಚು ತಂದಿಟ್ಟ. ಅದರ ಮುಂದೆ ಮತ್ತೊಂದು ಅಲೆಕಲ್ಲು ಇಟ್ಟ, ಅದನ್ನೂ ಬೋರಲಾಗಿ, ಅಲೆಗಳೆಲ್ಲ ಕೆಳಗೆ, ಸಪಾಟು ಬೆನ್ನು ಮೇಲೆ. "ಇನ್ನ ಸ್ವಲ್ಪ ಇಳದ್ರ ನೀರು" ಎಂದ. ಆಳುಗಳು ಮುಖಮುಖ ನೋಡಿಕೊಂಡು ಕಿಸಕ್ಕನೆ ನಕ್ಕರು. ಇಟ್ಟ ಕಲ್ಲನ್ನೇ ಮರೆತು ಮತ್ತೆ ಇಡುತ್ತಿದ್ದಾನೆ, ಅದೂ ಮೇಲಿನದು ಕೆಳಗೆ ಮಾಡಿ! ನಾಚಿಕೆಯಿಂದ ಭರಮಣ್ಣನ ಕಿವಿ ಕಾದವು. ಆ ಎರಡು ಕಲ್ಲನ್ನು ಎತ್ತಿ ಬದಿಗೆ ಒಗೆದು, ಅಪ್ಪನ ಕೈಯಿಂದ ಹಾರೆ ಕಸಿದುಕೊಂಡು, ಬಾವಿಯ ಕೆಲಸ ಅಲ್ಲಿಗೇ ನಿಲ್ಲಿಸಿ, ಅವನನ್ನು ಕಾಕತಿಗೆ ಕರೆದುಕೊಂಡು ಬಂದ.

ಬರುವಾಗ ಮುದುಕ ಹಟ ಹಿಡಿದು ಆ ಆರೂ ಕಲ್ಲುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದಿದ್ದ. ಮುಂದಿನ ನಾಲ್ಕು ವರ್ಷ, ಸಾಯುವವರೆಗೂ, ಪ್ರತಿದಿನ ಬೆಳಿಗ್ಗೆ ಅಂಗಳದಲ್ಲಿ ಅವನ್ನು ಸಾಲಾಗಿ ಇಡುತ್ತಿದ್ದ. ಕೆಂಪು, ಅಲೆ, ಬಿಳಿ, ನೀಲಿ, ಬಿಳಿ, ಅಲೆ. ಕೊನೆಯ ಅಲೆಕಲ್ಲು ಬೋರಲು. ಭರಮಣ್ಣನಾಗಲಿ, ಹೊಸದಾಗಿ ಮನೆತುಂಬಿದ ಸೊಸೆ ಸಾತವ್ವನಾಗಲಿ, ಹಾಯುವಾಗ ಅದನ್ನು ತಿರುವಿ ಸರಿಯಾಗಿ ಇಡುತ್ತಿದ್ದರು. ಮುದುಕ ಮತ್ತೆ ಬೋರಲು ಹಾಕುತ್ತಿದ್ದ. ಬರಬರುತ್ತ ಮಾತು ಬಿಟ್ಟ. ಊರವರು ಬೀರಣ್ಣನಿಗೆ ತಲೆ ತಿರುಗಿದೆ ಎಂದರು, ಮಗನೂ ಹೌದೆಂದ. ಅಪ್ಪನಿಗೆ ಆದದ್ದು ತನಗೂ ಒಂದು ದಿನ ಆದೀತು ಎಂಬುದೇ ಭರಮಣ್ಣನ ಹೆದರಿಕೆ.

ಈಗ ಎಪ್ಪತ್ತೊಂಬತ್ತರ ಬೇಸಿಗೆಗೆ ಬರೋಣ. ಭರಮಣ್ಣನಿಗೆ ನಲವತ್ತೈದು ದಾಟಿತ್ತು. ಖಾನಾಪುರದಿಂದ ಲೋಂಡಾಕ್ಕೆ ಹೋಗುವ ದಾರಿಯಲ್ಲಿ ಉಳವಪ್ಪ ಎಂಬವನು ಹೊಲ ತೆಗೆದುಕೊಂಡು, ಬಾವಿ ತೋಡಿಕೊಡು ಎಂದು ಹೇಳಿ ಕಳಿಸಿದ. ಅದು ಅಪ್ಪನ ಬಾವಿಯಿದ್ದ ಸೀಮೆ. ಬೇಡವೆನ್ನಲು ಕಾರಣ ಸಿಗಲಿಲ್ಲ. ಅಪ್ಪನನ್ನು ನೆನೆದು ಹೆದರಿದೆ ಎಂದು ಹೇಳಲಾಗುತ್ತದೆಯೇ? ಹೋದ.

ಮೇಲಿನ ಜಂಬುಮಣ್ಣು ತೆಗೆದ ಮೇಲೆ ಕೆಂಪು ಗೆರೆಗಳ ಕಲ್ಲು ಬಂತು. ಭಂಡಾರ ಹಚ್ಚಿ ಇಟ್ಟ. ಹನ್ನೆರಡು ಅಡಿಗೆ ಅಲೆಕಲ್ಲು. ಅದರಲ್ಲಿ ಬಿರುಕುಗಳಿದ್ದವು, ಒಳಗೆ ಒಣ ಜೇಡಿ. ಇಪ್ಪತ್ತಕ್ಕೆ ಬಿಳಿ ಬೆಣಚು ಬಂತು. ಹಾರೆಯ ಮೂತಿ ಎರಡು ಸಲ ಮೊಂಡಾಯಿತು. ಇಪ್ಪತ್ನಾಲ್ಕಕ್ಕೆ ನೀಲಿ ಕಲ್ಲು. ನಾಲ್ಕು ಕಲ್ಲು ಸಾಲಾಗಿ ಕೂತಾಗ ಅವನು ದಂಡೆಯ ಮೇಲೆ ನಿಂತು ಬೆವರೊರೆಸಿಕೊಂಡು ನೋಡಿದ. ಇದು ಅಪ್ಪನ ಸಾಲೇ. ಇದರಲ್ಲಿ ಏನು ತಪ್ಪುವಂಥದ್ದಿತ್ತು ಆ ಮುದುಕನಿಗೆ ಎಂದುಕೊಂಡ.

ಮೂವತ್ತೆಂಟು ಅಡಿಗೆ ಹಾರೆ ಠಣ್ ಎಂದಿತು. ಬಿಳಿ ಬೆಣಚು.

ಬೆಣಚು ಎಲ್ಲಿ ಬೇಕಾದರೂ ಬರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಇಟ್ಟ. ಮುಂದಿನ ಆರು ಅಡಿ ಅವನು ಆಳುಗಳನ್ನು ಮೇಲೆ ಕಳಿಸಿ, ಒಬ್ಬನೇ ತೋಡಿದ. ನಲವತ್ನಾಲ್ಕಕ್ಕೆ ಕಲ್ಲು ಬದಲಾಯಿತು. ಮೇಲ್ಮೈ ಸಪಾಟು. ಅಬ್ಬಾ ಎಂದು ಉಸಿರುಬಿಟ್ಟ. ಒಂದು ಹಲಗೆ ಬಿಡಿಸಿ, ಎತ್ತಲು ಅಡಿಗೆ ಕೈಹಾಕಿದಾಗ ಬೆರಳಿಗೆ ಅಲೆಗಳು ತಾಗಿದವು. ಸಾಲುಸಾಲು, ಚೂಪು ಏಣುಗಳು, ಎಲ್ಲ ಕೆಳಮುಖ. ಕೈ ಒಳಗೇ ಉಳಿಯಿತು. ಮೇಲಿನಿಂದ ಆಳು ಹೆಸರು ಹಿಡಿದು ಕೂಗಿದಾಗ ಹೊರಗೆ ತೆಗೆದ.

ಈ ಕಲ್ಲನ್ನು ನಾನು ಆಗಲೇ ಇಟ್ಟಿದ್ದೇನೆ. ಮೇಲಿನ ಕಲ್ಲು ಕೆಳಗೆ ಹೇಗೆ ಬಂದೀತು? ಬರುವುದಿಲ್ಲ. ಹಾಗಾದರೆ ಬಂದದ್ದು ಎಲ್ಲಿಗೆ? ನನ್ನ ತಲೆಗೆ. ಅವನಿಗೆ ಹೀಗಲ್ಲದೆ ಬೇರೆ ಲೆಕ್ಕ ಹೊಳೆಯಲಿಲ್ಲ. ಯಾರೋ ಮೋಜಿಗೆ ಕಲ್ಲನ್ನು ಬಾವಿಯೊಳಗೆ ಹುಗಿದಿರಬಹುದೇ ಎಂದೂ ಯೋಚಿಸಿದ. ಆದರೆ ಪದರು ಸುತ್ತಲೂ ಗೋಡೆಯುದ್ದಕ್ಕೂ ಇತ್ತು. ಕಣ್ಣು ಮುಚ್ಚಿ ತೆರೆದ, ಮುಖಕ್ಕೆ ತಂಬಿಗೆಯ ನೀರು ಚಿಮುಕಿಸಿಕೊಂಡ, ಬೆರಳುಗಳನ್ನು ಎಣಿಸಿದ. ಬೆರಳು ಸರಿಯಾಗಿಯೇ ಇದ್ದವು. ಅದು ಅವನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿತು.

ಆಮೇಲೆ ಅವನು ಮಾಡಿದ್ದನ್ನು ಅವನ ಮನೆತನದವರು ಮಾತ್ರ ಮಾಡಿಯಾರು. ಎರಡನೆಯ ಬೆಣಚನ್ನೂ ಎರಡನೆಯ ಅಲೆಕಲ್ಲನ್ನೂ ಟವೆಲಿನಲ್ಲಿ ಸುತ್ತಿ, ಆಳುಗಳು ಊಟಕ್ಕೆ ಹೋದಾಗ, ಹೊಲದಾಚೆಯ ಹಳ್ಳಕ್ಕೆ ಒಗೆದು ಬಂದ. ದಂಡೆಯ ಮೇಲೆ ನಾಲ್ಕು ಕಲ್ಲು ಉಳಿದವು. ಸಾಲು ಚೊಕ್ಕವಾಯಿತು.

ಉಳವಪ್ಪ ಬಂದು ಇಣುಕಿದ. "ಏನ ಭರಮಣ್ಣಾ, ಕೆಲಸ ನಿಂತೈತಲ್ಲ?"

"ಕೆಳಗ ಕಲ್ಲ ಸರಿ ಇಲ್ಲರೀ," ಎಂದ ಭರಮಣ್ಣ, ಅವನ ಮುಖ ನೋಡದೆ. "ಬ್ಯಾರೆ ಕಡೆ ತೋಡೂದು ಚಲೋ. ನಾ ಒಂದ ನಾಕ ದಿನ ಊರಿಗೆ ಹೋಗಿ ಬರ್ತೇನಿ."

"ನಲವತ್ನಾಕ ಫೂಟ ಆದಮ್ಯಾಲ ಬ್ಯಾರೆ ಕಡೆ? ಏನ ಮಾತಾಡಾಕತ್ತಿ ಮಾರಾಯಾ!"

ಭರಮಣ್ಣ ಚೀಲ ಎತ್ತಿಕೊಂಡ. ಮೂವತ್ತು ವರ್ಷದಲ್ಲಿ ಅವನು ಬಾವಿಯ ವಿಷಯದಲ್ಲಿ ಸುಳ್ಳು ಹೇಳಿದ್ದು ಇದೇ ಮೊದಲು.

ಊರಿಗೆ ಹೋಗಲಿಲ್ಲ. ಸಾತವ್ವನ ಮುಂದೆ ನಿಲ್ಲುವ ಧೈರ್ಯ ಬರಲಿಲ್ಲ. ಬೆಳಗಾವಿಯಲ್ಲಿ ರೈಲು ಇಳಿದು, ಎರಡು ಸಲ ದಾರಿ ತಪ್ಪಿ, ಶಿವಬಸವ ನಗರದ ಬಸಯ್ಯ ಮಾಸ್ತರರ ಮನೆಗೆ ಬಂದ. ಅವನಿಗೆ ಗೊತ್ತಿದ್ದ ಓದಿದ ಮನುಷ್ಯ ಅವರೊಬ್ಬರೇ.

"ಬಾ ಭರಮಣ್ಣ, ಕುಂದರು. ಬಾವಿ ನೋಡಾಕ ಬಂದಿಯೇನು?"

"ಇಲ್ಲರೀ ಮಾಸ್ತರ. ತಲೀ ನೋಡೋ ಡಾಕ್ಟರ್ ಯಾರರ ಚಲೋದವರು ಇದ್ದಾರೇನ್ರಿ?"

"ಯಾರ ತಲಿ?"

"ನಂದರೀ."

ಮಾಸ್ತರರು ಚಹಾ ತರಿಸಿದರು. ಭರಮಣ್ಣ ಬಟ್ಟಲನ್ನು ಮುಟ್ಟದೆ, ಮೊದಲಿನಿಂದ ಕೊನೆಯವರೆಗೆ, ಹಳ್ಳಕ್ಕೆ ಒಗೆದದ್ದನ್ನೂ ಬಿಡದೆ ಹೇಳಿದ. ಅಪ್ಪನ ವಿಷಯ ಮಾತ್ರ ಹೇಳಲಿಲ್ಲ. ಕೇಳುತ್ತ ಕೇಳುತ್ತ ಮಾಸ್ತರರು ಕುರ್ಚಿಯ ಅಂಚಿಗೆ ಬಂದರು. ಅವರು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದೇ ಕಲ್ಲು ನೆಲದ ಶಾಸ್ತ್ರ. ಭರಮಣ್ಣ ಮಾತ್ರ ಇಷ್ಟು ವರ್ಷ ಅವರನ್ನು ಲೆಕ್ಕದ ಮಾಸ್ತರರೆಂದೇ ತಿಳಿದಿದ್ದ.

"ಅಲಿ ಕೆಳಗಿದ್ವಾ? ಖರೇ? ಕೈಯಿಂದ ಮುಟ್ಟಿ ನೋಡಿದಿ?"

"ದೇವರಾಣಿ."

"ನಿನ್ನ ತಲಿಗೇನೂ ಆಗಿಲ್ಲೋ ಮಾರಾಯಾ. ರವಿವಾರ ಇಬ್ಬರೂ ಹೋಗೂಣು, ತಡಿ."

ಭರಮಣ್ಣನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇವರು ನನ್ನನ್ನು ಸಮಾಧಾನಪಡಿಸಲು ಹೀಗೆ ಹೇಳುತ್ತಿದ್ದಾರೆ, ಅಪ್ಪನಿಗೂ ನಾವು ಹೀಗೆಯೇ ಹೇಳುತ್ತಿದ್ದೆವು ಎಂದುಕೊಂಡು ಚಹಾ ಕುಡಿದ.

ರವಿವಾರ ಮಾಸ್ತರರು ಧೋತರ ಮೇಲಕ್ಕೆ ಕಟ್ಟಿ, ಹಗ್ಗ ಹಿಡಿದು ಬಾವಿಗೆ ಇಳಿದರು. ಉಳವಪ್ಪನಿಗೆ ಜೀವ ಹೋಗಿಬಂತು, ಕಾಲೇಜಿನ ಮಾಸ್ತರರು ತನ್ನ ಹೊಲದಲ್ಲಿ ಬಿದ್ದು ಸತ್ತರೆ ಏನು ಗತಿ ಎಂದು. ಒಳಗಿನಿಂದ ಬಹಳ ಹೊತ್ತು ಬರೀ "ಆಹಾ", "ಓಹೋ" ಕೇಳಿಸಿತು. ಮೇಲೆ ಬಂದಾಗ ಮಾಸ್ತರರ ಅಂಗಿಯೆಲ್ಲ ಮಣ್ಣು, ಮುಖ ಮಾತ್ರ ಜಾತ್ರೆಗೆ ಹೊರಟವರ ಹಾಗೆ. ಉಳವಪ್ಪನ ಹೆಂಡತಿ ಕಾಶವ್ವನನ್ನು ಕೂಗಿ, "ತಂಗೀ, ಮನ್ಯಾಗ ಒಂದು ಕೌದಿ ಇದ್ರ ತಗೊಂಡ ಬಾರವ್ವಾ" ಎಂದರು.

ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಬಂತು. ಒಂದು ಮೈ ಕೆಂಪು ಸೀರೆ, ಇನ್ನೊಂದು ಮೈ ಹಸಿರು ಸೀರೆ. ಮಾಸ್ತರರು ಅದನ್ನು ಕೆಂಪು ಮೇಲಾಗಿ ಮನೆಯ ಮುಂದಿನ ಕಟ್ಟೆಯ ಮೇಲೆ ಹಾಸಿದರು.

"ಇದು ಮೊದಲಿನ ನೆಲ. ಹೊಳಿನೋ ಸಮುದ್ರಾನೋ ಇತ್ತು ಇಲ್ಲಿ. ತಳದಾಗ ಉಸುಕು ಕುಂತಿತು, ಅದರ ಮ್ಯಾಲ ರಾಡಿ, ಅದರ ಮ್ಯಾಲ ಮತ್ತ ಉಸುಕು. ನಿಮ್ಮ ಕಾಕತಿ ಕಡೆ ಇದ್ದಂಗ ಸಪಾಟ. ನೀರು ಆಡಿದ ಗುರುತು ಉಸುಕಿನ ಮ್ಯಾಲ ಉಳೀತು. ಅದ ನಿನ್ನ ಅಲಿ."

"ಹೂಂನ್ರಿ."

"ಮುಂದ ಇದೆಲ್ಲಾ ಭಾಳ ಆಳಕ್ಕ ಹೂತುಹೋತು. ಮ್ಯಾಲ ಗುಡ್ಡದಷ್ಟು ಭಾರ, ಕೆಳಗ ಕಾವು. ಆಮ್ಯಾಲ ಆ ಬಾಜೂದಿಂದ ಈ ಬಾಜೂದಿಂದ ನೆಲಾನ ನೆಲಾನ್ನ ನೂಕಾಕ ಹತ್ತಿತು." ಮಾಸ್ತರರು ಎರಡು ಕೈಯಿಂದ ಕೌದಿಯ ಒಂದು ತುದಿಯನ್ನು ಗೋಡೆಯ ಕಡೆ ನೂಕಿದರು. ನಡುವೆ ಏಣು ಎದ್ದಿತು. "ಹಿಂಗ ಗುಡ್ಡ ಏಳತಾವು." ಇನ್ನೂ ನೂಕಿದರು. ಎದ್ದ ಮಡಿಕೆ ಒಂದು ಕಡೆಗೆ ವಾಲಿ, ಧೊಪ್ಪನೆ ಮಲಗಿತು. ಕಾಶವ್ವನಿಂದ ದಬ್ಬಣ ಇಸಿದುಕೊಂಡು ಆ ಮಲಗಿದ ಮಡಿಕೆಗೆ ಮೇಲಿನಿಂದ ನೆಟ್ಟಗೆ ಚುಚ್ಚಿದರು. "ಇದು ನಿನ್ನ ಬಾವಿ. ದಬ್ಬಣಕ್ಕ ಮೊದಲ ಏನ ಸಿಕ್ಕಿತು?"

"ಕೆಂಪು."

"ಆಮ್ಯಾಲ?"

"ಹಸರು." ಭರಮಣ್ಣ ಮಡಿಕೆಯ ಅಂಚನ್ನು ಎತ್ತಿ ನೋಡಿದ. "ಮತ್ತ ಹಸರು. ಮತ್ತ..." ಅವನು ನಿಂತ. ಕೆಳಗಿನ ಪದರಿನಲ್ಲಿ ಕೆಂಪು ಮತ್ತೆ ಬಂದಿತ್ತು, ಮುಖ ಕೆಳಗೆ ಮಾಡಿ.

ಇಷ್ಟಕ್ಕೇ ಒಪ್ಪಿಬಿಟ್ಟರೆ ಅವನು ಭರಮಣ್ಣನೇ ಅಲ್ಲ. "ಇದು ಮೆತ್ತನ್ನ ಅರಿವಿರೀ ಮಾಸ್ತರ. ಕಲ್ಲ ಮಣಿಸಾಕ ಹೋದ್ರ ಮುರೀತೈತಿ. ನಾ ಒಡದ ನೋಡೀನಿ."

"ನೀ ಒಂದ ಏಟಿಗೆ ಒಡೀತಿ. ನಿನ್ನ ಹಾರಿ ಮೂತಿ ಮೊಂಡಾದ್ರ ಏನ ಮಾಡ್ತಿ?"

"ಕುಲುಮಿಗೆ ಒಯ್ತೇನಿ."

"ತಣ್ಣಗಿದ್ದಾಗ ಬಗ್ಗಿಸಿದ್ರ?"

"ಸೀಳತೈತಿ. ಕಾಸಿ, ಮೆಲ್ಲಕ ಬಡದ್ರ ಬಗ್ಗತೈತಿ."

"ಇಲ್ಲೀನೂ ಅಷ್ಟ. ಒಳಗ ಕಾವು ಐತಿ, ಸುತ್ತೂ ಭಾರ ಒತ್ತಿ ಹಿಡದೈತಿ, ಮುರದು ಸಿಡಿಯಾಕ ಜಾಗ ಇಲ್ಲ. ವರ್ಷಕ್ಕ ಉಗುರು ಬೆಳದಷ್ಟು ನೂಕೂದು, ಲಕ್ಷಾಂತರ ವರ್ಷ. ಕಲ್ಲು ಮಣೀತೈತಿ."

"ನೂಕಿದವರು ಯಾರ್ರಿ?"

ಮಾಸ್ತರರು ತಲೆ ಕೆರೆದುಕೊಂಡರು. "ನೆಲಾನ. ಈ ಕಲ್ಲಿಗೆ ಇನ್ನೂರೈವತ್ತು ಕೋಟಿ ವರ್ಷದ ಮ್ಯಾಲ ಆಗೈತಿ ಅಂತಾರ. ಅಷ್ಟು ಹಳೇದರ ಸುದ್ದಿ ನಮಗೂ ಪೂರಾ ತಿಳಿದಿಲ್ಲೋ."

"ಮತ್ತ ಆ ಗುಡ್ಡ ಎಲ್ಲಿ ಹೋತು?"

"ಮಳಿ ಗಾಳಿ ತಿಂದು ಹಾಕಿದ್ವು. ಈಗ ಉಳದದ್ದು ಅದರ ಬುಡ. ನೀ ಅದರ ಹೊಟ್ಟ್ಯಾಗ ಬಾವಿ ತೋಡಾಕತ್ತಿ."

ಭರಮಣ್ಣ ಸುತ್ತ ನೋಡಿದ. ಹೊಲ, ಆಚೆಗೆ ಸಾಗವಾನಿ ಗಿಡಗಳು, ಲೋಂಡಾ ಕಡೆ ಹೋಗುವ ರೈಲಿನ ಹೊಗೆ. ಇಲ್ಲದ ಗುಡ್ಡದ ಹೊಟ್ಟೆಯೊಳಗೆ ನಿಂತಿದ್ದೇನೆ ಎಂಬುದು ಅವನ ತಲೆಗೆ ಹೋಗಲಿಲ್ಲ. ಕೋಟಿ ವರ್ಷ ಎನ್ನುವುದು ಅವನಿಗೆ ಬರೀ ಒಂದು ಸದ್ದು. ಆದರೆ ಕೌದಿಯ ಮಡಿಕೆಯೊಳಗೆ ಕೈಹಾಕಿ, ಕೆಳಮುಖವಾದ ಕೆಂಪು ಮೈಯನ್ನು ಬೆರಳಿಂದ ಸವರಿದಾಗ, ಬಾವಿಯ ತಳದಲ್ಲಿ ಬೆರಳಿಗೆ ತಾಗಿದ್ದು ಅದೇ ಎಂದು ಬೆರಳಿಗೆ ತಿಳಿಯಿತು. ತಲೆ ಕೆಟ್ಟಿಲ್ಲ. ಅವನಿಗೆ ನಗು ಬಂತು, ಕಾಶವ್ವನ ಎದುರಿಗೇ ಗಟ್ಟಿಯಾಗಿ ನಕ್ಕ.

"ಮ್ಯಾಲಿನ ಅಲಿಕಲ್ಲಿನ್ಯಾಗ ಬಿರುಕು ಇದ್ವು ಅಂದೆಲ್ಲ," ಎಂದರು ಮಾಸ್ತರರು. "ಕೆಳಗಿಂದೂ ಅದ ಕಲ್ಲು. ಮ್ಯಾಲಿಂದು ಒಣಗೈತಿ. ಆಳದಾಗಿನ ಬಿರುಕಿನ್ಯಾಗ ನೀರು ಇರಬೇಕು. ಇನ್ನ ಸ್ವಲ್ಪ ಇಳದ ನೋಡು."

ಇನ್ನ ಸ್ವಲ್ಪ ಇಳದ್ರ ನೀರು. ಈ ಮಾತನ್ನು ಎಲ್ಲಿಯೋ ಕೇಳಿದ್ದೇನೆ ಎನಿಸಿತು. ಖುಷಿಯ ಗದ್ದಲದಲ್ಲಿ ಅದು ಅಲ್ಲಿಗೇ ಹೋಯಿತು.

ಮರುದಿನ ಕೆಲಸ ಶುರುವಾಯಿತು. ಮೂರನೆಯ ದಿನ, ಐವತ್ತೊಂದು ಅಡಿಗೆ, ಬಿರುಕೊಂದರಿಂದ ನೀರು ಚಿಲ್ಲೆಂದು ಚಿಮ್ಮಿ ಭರಮಣ್ಣನ ಎದೆಗೆ ಬಡಿಯಿತು. ಮಧ್ಯಾಹ್ನದೊಳಗೆ ಸೊಂಟ ಮಟ್ಟ. ಉಳವಪ್ಪ ಕಾಯಿ ತಂದ. ಭರಮಣ್ಣ ಹಳ್ಳಕ್ಕೆ ಓಡಿ, ಮೊಣಕಾಲೂರಿ ಕೂತು ತಡಕಾಡಿ, ತಾನು ಒಗೆದಿದ್ದ ಎರಡೂ ಕಲ್ಲುಗಳನ್ನು ಹುಡುಕಿ ತಂದ. ಬೆಣಚನ್ನು ನೀಲಿಯ ಮುಂದೆ ಇಟ್ಟ. ಅಲೆಕಲ್ಲಿಗೆ ಭಂಡಾರ ಹಚ್ಚಬೇಕು, ನೆಲದೊಳಗಿದ್ದಾಗ ಆಕಾಶದ ಕಡೆಗಿದ್ದ ಮೈಗೆ. ಸಪಾಟು ಬೆನ್ನಿಗೆ ಹಚ್ಚಿದ. ಅಲೆಗಳನ್ನು ಕೆಳಗೆ ಮಾಡಿ, ಬೋರಲಾಗಿ ಇಟ್ಟ.

ಇಟ್ಟ ಕೈ ಕಲ್ಲಿನ ಮೇಲೆಯೇ ನಿಂತುಬಿಟ್ಟಿತು.

ಕೆಂಪು, ಅಲೆ, ಬಿಳಿ, ನೀಲಿ, ಬಿಳಿ, ಬೋರಲಾದ ಅಲೆ.

ಉಳವಪ್ಪ ಕಾಯಿ ಒಡೆದ, ಆಳುಗಳು ಕೇಕೆ ಹಾಕಿದರು, ಕಾಶವ್ವ ಬೆಲ್ಲ ಹಂಚಿದಳು. ಭರಮಣ್ಣ ಬೆಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಏನಾಯಿತು ಎಂದು ಯಾರೋ ಕೇಳಿದರು. ಬಿಸಿಲು ಎಂದ.

ಅಪ್ಪ ಬಾವಿ ತೋಡಿದ್ದು ಈ ಸೀಮೆಯಲ್ಲೇ, ಇಲ್ಲಿಂದ ಒಂದು ಹರದಾರಿಯೂ ದೂರವಿಲ್ಲದ ಕಡೆ. ಆ ಬಾವಿ ಈಗ ಹೂತುಹೋಗಿ, ಜಾಗವೂ ಗುರುತು ಸಿಗುವಂತಿಲ್ಲ. ಹಾಗಾದರೆ ಅಪ್ಪನಿಗೆ ಹುಚ್ಚು ಹಿಡಿದಿರಲಿಲ್ಲವೇ? ಹಿಡಿದಿರಲಿಕ್ಕಿಲ್ಲ. ಹಾರೆ ಕಸಿದ ಮೇಲೆ ಹಿಡಿಯಿತೋ? ಮಾತು ಬಿಟ್ಟದ್ದು ಹುಚ್ಚಿನಿಂದಲೋ, ಮಗನ ಮೇಲಿನ ಸಿಟ್ಟಿನಿಂದಲೋ? ದಿನಾ ಬೆಳಿಗ್ಗೆ ಆರು ಕಲ್ಲು ಇಟ್ಟು ಅಂಗಳದಲ್ಲಿ ಕೂತು ನನ್ನ ಮುಖ ನೋಡುತ್ತಿದ್ದನಲ್ಲ, ಆಗ ಒಂದು ಸಲ, ಒಂದೇ ಒಂದು ಸಲ, ಯಾಕೆ ಹೀಗೆ ಇಟ್ಟೆ ಎಂದು ನಾನು ಕೇಳಿದ್ದೆನೇ? ರೈಲಿನಲ್ಲಿ ಬೆಳಗಾವಿ ಮುಟ್ಟುವವರೆಗೆ ಅವನು ಇವನ್ನೇ ಹಿಂದುಮುಂದಾಗಿ ತಿರುವುತ್ತ ಕೂತಿದ್ದ. ಒಂದಕ್ಕೂ ಉತ್ತರ ಸಿಗಲಿಲ್ಲ. ಕಲ್ಲು ಹೇಗೆ ಮಡಚಿಕೊಂಡಿತು ಎಂದು ಹೇಳಲು ಮಾಸ್ತರರಿದ್ದರು. ಇದನ್ನು ಕೇಳಲು ಯಾರೂ ಇರಲಿಲ್ಲ.

ಮನೆಗೆ ಬಂದು ಚೀಲ ಇಳಿಸುವ ಮೊದಲೇ ಕೇಳಿದ. "ಅಪ್ಪನ ಕಲ್ಲ ಎಲ್ಲಿ ಅದಾವು?"

"ಯಾವ ಕಲ್ಲರೀ?" ಎಂದಳು ಸಾತವ್ವ.

"ಅಂಗಳದಾಗ ಇಡತಿದ್ನಲ್ಲ, ಆರು."

"ಅಯ್ಯ, ಇಪ್ಪತ್ತ ವರ್ಸ ಆತಲ್ಲ. ಬಚ್ಚಲ ಕಟ್ಟಿ ಸಂದಿಗೆ ತುರುಕೇನಿ, ಹಂಡೇದ ಬಾಜೂಕ. ಈಗ್ಯಾಕ ಅವು? ನೀರು ಬಿತ್ತೋ ಇಲ್ಲೋ ಅದನ್ನ ಹೇಳ್ರಿ ಮೊದಲ."

"ಬಿತ್ತು" ಎಂದು ಬಚ್ಚಲಿಗೆ ಹೋದ.

ಹಾರೆಯ ಮೂತಿಯಿಂದ ಮೀಟಿ ಒಂದೊಂದಾಗಿ ತೆಗೆದ. ಮಸಿ, ಪಾಚಿ, ಸೀಗೆಕಾಯಿಯ ಜಿಡ್ಡು. ಬೂದಿ ಹಾಕಿ ತಿಕ್ಕಿದ. ಕೊನೆಯ ಕಲ್ಲಿನ ಸಪಾಟು ಬೆನ್ನಿನ ಒಂದು ಗುಣಿಯಲ್ಲಿ ಹಳದಿಯ ಎಳೆ ಇನ್ನೂ ಉಳಿದಿತ್ತು. ಅಪ್ಪ ಆ ಮೈಗೇ ಹಚ್ಚಿದ್ದ. ಕಟ್ಟಳೆಯಂತೆಯೇ ಇಟ್ಟಿದ್ದ, ಗುಂಜಿಯಷ್ಟೂ ತಪ್ಪಿರಲಿಲ್ಲ. ನಾಲ್ಕು ವರ್ಷ ಕಣ್ಣಮುಂದೆ ಇದ್ದ ಹಳದಿ ಚುಕ್ಕೆ ಮಗನಿಗೆ ಕಾಣಲಿಲ್ಲ. ಭರಮಣ್ಣ ಬಚ್ಚಲಲ್ಲಿಯೇ ಕೂತು ಅತ್ತ, ಐವತ್ತು ಹತ್ತಿರವಾದ ಗಂಡಸು ಅಳುವಂತೆ, ಸದ್ದಿಲ್ಲದೆ, ಮೂಗು ಸೊರ್ರೆನ್ನಿಸುತ್ತ.

ಆಮೇಲೆ ಅಂಗಳಕ್ಕೆ ಬಂದು, ಅಪ್ಪ ಕೂಡುತ್ತಿದ್ದ ಜಾಗದಲ್ಲಿ ಕೂತು, ಸಾಲಾಗಿ ಇಟ್ಟ. ಕೆಂಪು, ಅಲೆ, ಬಿಳಿ, ನೀಲಿ, ಬಿಳಿ, ಅಲೆ. ಕೊನೆಯದು ಬೋರಲು.

ಸಾತವ್ವ ಕೊಡ ಹೊತ್ತು ಒಳಗೆ ಹೋಗುತ್ತಿದ್ದಳು. ಸಾಲಿನ ಹತ್ತಿರ ನಿಂತಳು. ಗಂಡನ ಮುಖ ನೋಡಿದಳು, ಕಲ್ಲು ನೋಡಿದಳು, ಅವಳ ಮುಖ ಬಿಳುಚಿಕೊಂಡಿತು. ಕೊಡ ಇಳಿಸಿ, ಮಾವನಿಗೆ ಮಾಡುತ್ತಿದ್ದ ಹಾಗೆಯೇ ಮೆಲ್ಲಗೆ ಬಗ್ಗಿ, ಅಲೆಕಲ್ಲನ್ನು ತಿರುವಿ ಅಲೆಗಳನ್ನು ಮೇಲೆ ಮಾಡಿ ಇಟ್ಟಳು.

ಭರಮಣ್ಣ ಅದನ್ನು ಮತ್ತೆ ಬೋರಲು ಹಾಕಿದ.

"ಇರಲಿ ಬಿಡ," ಎಂದ. "ಅಪ್ಪ ಸರೀ ಇಟ್ಟಿದ್ದ."